ಮೇದೋಜೀರಕಕ್ಕೆ ಮೆನು ಓದಿದ ಸಿದ್ದಬಸಪ್ಪ

ಮದುವೆ ಅಡುಗೆಯ ಕಂಟ್ರಾಕ್ಟರ್ ಸಿದ್ದಬಸಪ್ಪನಿಗೆ ಈ ಲೋಕದಲ್ಲಿ ಸಹಿಸಲಾಗದ ಮಾತು ಒಂದೇ: "ಊಟ ಲೇಟು." ಸಾರಿಗೆ ಉಪ್ಪು ಜಾಸ್ತಿಯಾಯಿತೆಂದರೆ ನಕ್ಕು ಇನ್ನೊಂದು ಸೌಟು ತಿಳಿ ಬಡಿಸುತ್ತಾನೆ. ಪಾಯಸದಲ್ಲಿ ಗೋಡಂಬಿ ಕಾಣುತ್ತಿಲ್ಲವೆಂದರೆ ಹುಡುಕಿ ತೋರಿಸುತ್ತಾನೆ. ಆದರೆ ಎಲೆಯ ಮುಂದೆ ಕೂತವರು ಎರಡು ನಿಮಿಷ ಕಾಯಬೇಕಾಯಿತು ಎಂದು ಯಾರಾದರೂ ಅಂದರೆ ಅವನಿಗೆ ಮೂರು ದಿನ ಅನ್ನ ಸೇರುವುದಿಲ್ಲ.

ಇಪ್ಪತ್ತೆಂಟು ವರ್ಷದ ಹಿಂದೆ ತಿಪಟೂರಿನ ಕಡೆಯಿಂದ ಒಂದು ಕೊಪ್ಪರಿಗೆ, ಎರಡು ಸೌಟು, ಒಬ್ಬಳು ಹೆಂಡತಿಯೊಂದಿಗೆ ಕುರುಬರಹಳ್ಳಿಗೆ ಬಂದಿಳಿದವನು ಅವನು. ಬಾಡಿಗೆ ಮನೆಯಲ್ಲಿ ಒಲೆ ಹೂಡಲು ಜಾಗವಿರಲಿಲ್ಲ. ಪಕ್ಕದ ಮನೆಯ ಮುನಿಲಕ್ಷ್ಮಮ್ಮ ತನ್ನ ಹಿತ್ತಲನ್ನು ಬಿಟ್ಟುಕೊಟ್ಟಳು. "ಹೊಗೆ ನನ್ನ ಮನೆ ಕಡೆ ಬರಬಾರ್ದು, ಸಾರು ಬರ್ಬೇಕು" ಎನ್ನುವುದೊಂದೇ ಅವಳ ಕರಾರು. ಆ ಹಿತ್ತಲಿನ ಒಲೆಯಿಂದ ಶುರುವಾದವನು ಈಗ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಛತ್ರಗಳಲ್ಲೆಲ್ಲ ಹೆಸರು ಮಾಡಿದ್ದ. ಮುನಿಲಕ್ಷ್ಮಮ್ಮನ ಮನೆಗೆ ಸಾರು ಹೋಗುವುದು ಮಾತ್ರ ಇವತ್ತಿಗೂ ನಿಂತಿಲ್ಲ.

ಅವನ ಯಶಸ್ಸಿನ ಗುಟ್ಟು ಇಷ್ಟೇ. ಮೊದಲನೇ ಪಂಕ್ತಿಗೆ ಬೇಕಾದದ್ದೆಲ್ಲ ಜನ ಬರುವ ಮೊದಲೇ ಪಾತ್ರೆಗಳಲ್ಲಿ ತುಂಬಿ ಬಾಗಿಲ ಬಳಿ ಸಾಲಾಗಿ ನಿಂತಿರಬೇಕು. ಜನ ಕೂತರೆಂದರೆ ಹೊರಡಬೇಕು. ಅವರು ಉಣ್ಣುತ್ತಿರುವಾಗ ಒಳಗೆ ಎರಡನೇ ಪಂಕ್ತಿಗೆ ಹೊಸದಾಗಿ ಬೇಯುತ್ತಿರಬೇಕು. ಇದೆಲ್ಲ ಗಡಿಯಾರದಂತೆ ನಡೆಯಲಿ ಎಂದು ಅವನು ಪ್ರತಿ ಮದುವೆಯಲ್ಲೂ ಒಲೆ ಹೊತ್ತಿಸುವ ಮುನ್ನ ಅಡುಗೆಮನೆಯ ಮಧ್ಯೆ ನಿಂತು ತನ್ನ ಆಳುಗಳಿಗೆಲ್ಲ ಕೇಳುವಂತೆ ಮೆನು ಓದುತ್ತಿದ್ದ. "ಮೊದಲ್ನೇ ಪಂಕ್ತಿ ಇನ್ನೂರು ಎಲೆ! ಕೋಸಂಬರಿ ಎರಡು! ಪಲ್ಯ ಎರಡು! ಹೋಳಿಗೆ, ತುಪ್ಪ!" ಆ ಗಂಟಲು ಎಂಥದ್ದೆಂದರೆ ಮಂಟಪದಲ್ಲಿ ಕೂತ ವರ ಒಮ್ಮೆ ಗಾಬರಿಯಾಗಿ ಎದ್ದು ನಿಂತದ್ದುಂಟು.

ಇಂಥ ಸಿದ್ದಬಸಪ್ಪ ಕಾಲಿನ ಗಾಯ ಎರಡು ತಿಂಗಳಾದರೂ ಮಾಯಲಿಲ್ಲವೆಂದು ಡಾಕ್ಟರ್ ಹೇಮಶ್ರೀಯ ಹತ್ತಿರ ಹೋದ. ಹೇಮಶ್ರೀ ಅವನ ಕಣ್ಣೆದುರೇ ಬೆಳೆದ ಹುಡುಗಿ. ಅವಳ ಮದುವೆಗೂ ಇವನದೇ ಅಡುಗೆ. ಅವಳು ರಕ್ತ ಪರೀಕ್ಷೆ ಮಾಡಿಸಿ, ರಿಪೋರ್ಟನ್ನು ಎರಡು ಸಲ ಓದಿ, ಕನ್ನಡಕ ತೆಗೆದಿಟ್ಟಳು.

"ಅಂಕಲ್, ನಿಮ್ಮ ಹೊಟ್ಟೆ ಹಿಂದೆ ಮೇದೋಜೀರಕ ಅಂತ ಒಂದು ಗ್ರಂಥಿ ಇದೆ. ಅದನ್ನ ಒಂದು ಅಡುಗೆಮನೆ ಅಂದ್ಕೊಳ್ಳಿ."

"ಅಂದ್ಕೊಂಡೆ" ಎಂದು ಸಿದ್ದಬಸಪ್ಪ ನೆಟ್ಟಗೆ ಕೂತ.

"ಅಲ್ಲಿ ಬೀಟಾ ಕೋಶ ಅಂತ ಸಣ್ಣ ಸಣ್ಣ ಅಡುಗೆಯವ್ರು ಇರ್ತಾರೆ. ಅವ್ರು ಮಾಡೋದು ಇನ್ಸುಲಿನ್. ಮೊದ್ಲು ಉದ್ದಕ್ಕೆ ಒಂದು ಎಳೆ ಮಾಡಿ, ಮಡಚಿ, ಮಧ್ಯದ ತುಂಡು ಕತ್ತರಿಸಿ ತೆಗ್ದು, ಪೊಟ್ಟಣ ಕಟ್ಟಿ ಬಾಗ್ಲ ಹತ್ರ ಇಟ್ಕೊಂಡಿರ್ತಾರೆ."

"ಜನ ಬರೋ ಮುಂಚೇನೇ?"

"ಮುಂಚೇನೇ."

"ಭೇಷ್. ಕೆಲ್ಸ ಗೊತ್ತಿರೋರು."

"ನೀವು ಊಟ ಮಾಡ್ತೀರಿ. ಅದು ಸಕ್ಕರೆಯಾಗಿ ರಕ್ತಕ್ಕೆ ಬರುತ್ತೆ. ಬೀಟಾ ಕೋಶ ಅದರಲ್ಲಿ ಸ್ವಲ್ಪ ತಾನೇ ಒಳಗೆ ಎಳ್ಕೊಂಡು ಉರಿಸಿ ನೋಡುತ್ತೆ. ಎಷ್ಟು ಬಂದಿದೆ ಅಂತ ಅದಕ್ಕೆ ಗೊತ್ತಾಗೋದೇ ಹಾಗೆ. ಗೊತ್ತಾದ ತಕ್ಷಣ ಕೋಶದ ಒಂದು ಬಾಗ್ಲು ಮುಚ್ಚುತ್ತೆ, ಇನ್ನೊಂದು ತೆಗಿಯುತ್ತೆ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತೆ, ಪೊಟ್ಟಣಗಳು ಸರಸರ ಅಂತ ಹೊರಗೆ ಹೋಗ್ತವೆ. ಎಲ್ಲಾ ಕೆಲವೇ ನಿಮಿಷದ ಕೆಲ್ಸ. ಅದು ಮೊದಲ್ನೇ ಪಂಕ್ತಿ. ಆಮೇಲೆ ಹಿಂದಿದ್ದ ಪೊಟ್ಟಣ, ಹೊಸದಾಗಿ ಮಾಡಿದ್ದು, ಎಲ್ಲಾ ನಿಧಾನವಾಗಿ ಬರ್ತಾ ಇರುತ್ತೆ. ಅದು ಎರಡನೇ ಪಂಕ್ತಿ."

ಸಿದ್ದಬಸಪ್ಪನಿಗೆ ಕಣ್ಣು ತುಂಬಿ ಬಂತು. ತಾನು ಇಪ್ಪತ್ತೆಂಟು ವರ್ಷ ಛತ್ರಗಳಲ್ಲಿ ನಡೆಸಿದ ಪದ್ಧತಿಯೇ ತನ್ನ ಹೊಟ್ಟೆಯೊಳಗೂ ನಡೆಯುತ್ತಿದೆ ಎಂದು ಯಾರೂ ಅವನಿಗೆ ಇದುವರೆಗೆ ಹೇಳಿರಲಿಲ್ಲ.

"ಹಾಗೆ ಹೊರಗೆ ಹೋದ ಇನ್ಸುಲಿನ್ ಮೈತುಂಬಾ ಬಾಗ್ಲು ತೆಗೆಸಿ ಸಕ್ಕರೇನ ಒಳಗೆ ಕೂರಿಸುತ್ತೆ. ಅದು ಬರ್ದಿದ್ರೆ ಸಕ್ಕರೆ ರಕ್ತದಲ್ಲೇ ಅಡ್ಡಾಡ್ತಾ ಇರುತ್ತೆ" ಎಂದು ಹೇಮಶ್ರೀ ರಿಪೋರ್ಟನ್ನು ಅವನ ಕಡೆ ತಿರುಗಿಸಿದಳು. "ಅಂಕಲ್, ನಿಮ್ಮಲ್ಲಿ ಮೊದಲ್ನೇ ಪಂಕ್ತಿ ಲೇಟಾಗ್ತಾ ಇದೆ."

ಸಿದ್ದಬಸಪ್ಪ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತ.

"ಯಾರಿಗೆ ಹೇಳ್ತಾ ಇದೀಯಮ್ಮ ಈ ಮಾತು?"

"ನಿಮಗೇ ಅಂಕಲ್. ನಿಮಗೆ ಶುಗರ್ ಇದೆ."

"ಶುಗರ್ ಇರ್ಲಿ. ಲೇಟು ಅಂದ್ಯಲ್ಲ, ಅದನ್ನ ವಾಪಸ್ ತಗೋ."

ಹೇಮಶ್ರೀ ವಾಪಸ್ ತೆಗೆದುಕೊಳ್ಳಲಿಲ್ಲ. ದಿನಕ್ಕೆರಡು ಮಾತ್ರೆ, ಒಂದು ಗಂಟೆ ನಡಿಗೆ, ಅನ್ನ ಕಡಿಮೆ, ಸಿಹಿ ದೂರ ಎಂದು ಬರೆದುಕೊಟ್ಟಳು. ಸಿದ್ದಬಸಪ್ಪ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿನ ತಳಕ್ಕೆ ಸೇರಿಸಿ, ಇದು ಹೊರಗೆ ಯಾರಿಗೂ ಗೊತ್ತಾಗಬಾರದೆಂದು ಕೈಮುಗಿದ. ಪಾಯಸದ ಹದ ನಾಲಿಗೆಯಿಂದ ಹೇಳಬೇಕಾದ ಅಡುಗೆಯವನಿಗೆ ಸಕ್ಕರೆ ಕಾಯಿಲೆ ಎಂದರೆ ಯಾರು ತಾನೇ ಮದುವೆ ಒಪ್ಪಿಸುತ್ತಾರೆ? ಹೆಸರು ಮಣ್ಣುಪಾಲು. ಹೇಮಶ್ರೀ ನಕ್ಕು, "ಹೇಳೋದು ಬಿಡೋದು ನಿಮಗೆ ಬಿಟ್ಟಿದ್ದು, ಮಾತ್ರೆ ಮಾತ್ರ ಬಿಡ್ಬೇಡಿ" ಎಂದಳು.

ಮನೆಗೆ ಬರುವ ದಾರಿಯುದ್ದಕ್ಕೂ ಅವನ ತಲೆಯಲ್ಲಿ ಒಂದೇ ಪ್ರಶ್ನೆ. ಪಂಕ್ತಿ ಯಾಕೆ ಲೇಟಾಗುತ್ತದೆ? ಅವನ ಅನುಭವದಲ್ಲಿ ಅದಕ್ಕೆ ಕಾರಣ ಒಂದೇ: ಎಷ್ಟು ಜನ ಬರುತ್ತಾರೆ, ಏನೇನು ಬಡಿಸಬೇಕು ಎಂದು ಅಡುಗೆಯವರಿಗೆ ಮೊದಲೇ ಹೇಳದಿರುವುದು. ಐವತ್ತಾರು ವರ್ಷದಿಂದ ತಾನು ತಿನ್ನುತ್ತಲೇ ಬಂದಿದ್ದೇನೆ, ಒಂದು ದಿನವಾದರೂ ಒಳಗಿನವರಿಗೆ ಮೆನು ಓದಿದ್ದೇನೆಯೇ? ತಪ್ಪು ಅವರದ್ದಲ್ಲ, ತನ್ನದೇ ಎಂದು ಮನೆ ಬಾಗಿಲಿಗೆ ಬರುವ ಹೊತ್ತಿಗೆ ಅವನಿಗೆ ಖಚಿತವಾಗಿತ್ತು.

ಅಂದು ಸಂಜೆ ಹೆಂಡತಿ ಕಲ್ಯಾಣಮ್ಮ ತಟ್ಟೆ ಇಟ್ಟಳು. ಸಿದ್ದಬಸಪ್ಪ ಮೊದಲು ಮಾತ್ರೆ ನುಂಗಿದ. ಆಮೇಲೆ ಅಂಗಿಯ ಎರಡು ಗುಂಡಿ ಬಿಚ್ಚಿ, ಹೊಟ್ಟೆಯ ಮೇಲೆ ಅಂಗೈ ಇಟ್ಟು, ಇನ್ನೂರು ಎಲೆಯ ಗಂಟಲಿನಲ್ಲಿ ಕೂಗಿದ.

"ಮೊದಲ್ನೇ ಪಂಕ್ತಿ! ರಾಗಿಮುದ್ದೆ ಒಂದು! ಸೊಪ್ಪಿನ ಸಾರು ಎರಡು ಸೌಟು! ಹುರುಳಿಕಾಯಿ ಪಲ್ಯ! ಅನ್ನ ಅರ್ಧ ಸೌಟು, ಕೊನೇಲಿ ಬರುತ್ತೆ, ರೆಡಿ ಇರಿ!"

ಕಲ್ಯಾಣಮ್ಮನ ಕೈಯಲ್ಲಿದ್ದ ಲೋಟ ಬಿತ್ತು. "ರೀ, ಯಾರಿಗೆ ಹೇಳ್ತಾ ಇದೀರಿ?"

"ಒಳಗಿರೋರಿಗೆ ಕಣೇ."

"ಒಳಗೆ ಯಾರಿದಾರೆ?"

ಉತ್ತರ ಬಂದದ್ದು ಕಾಂಪೌಂಡಿನ ಆಚೆಯಿಂದ. "ಯಾರೋ ಅದು ಸಿದ್ಬಸಪ್ಪಾ, ಅಷ್ಟೊಂದು ಜನ ಊಟಕ್ಕೆ ಬಂದಿರೋದು? ನಂಗೆ ಹೇಳ್ಲೇ ಇಲ್ವಲ್ಲೋ!" ಮುನಿಲಕ್ಷ್ಮಮ್ಮ ಗೋಡೆಗೆ ಕೈಯಿಟ್ಟು ಇಣುಕುತ್ತಿದ್ದಳು. ಎಪ್ಪತ್ತೆಂಟರ ಮುದುಕಿ, ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ, ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳುವ ಪೆನ್ನು. ಆ ಪೆನ್ನನ್ನು ಕಂಡರೆ ಅವಳಿಗೆ ಜಿರಳೆ ಕಂಡಷ್ಟು ಅಸಹ್ಯ.

ಈ ಘಳಿಗೆಯಲ್ಲಿ ಸಿದ್ದಬಸಪ್ಪ "ನನಗೂ ಶುಗರ್ ಬಂದಿದೆ ಅಮ್ಮಾ" ಎಂದುಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿದು ಎಲ್ಲರೂ ಸುಖವಾಗಿ ಮಲಗುತ್ತಿದ್ದರು. ಅವನು ಹಾಗೆನ್ನಲಿಲ್ಲ. ಎದೆ ಸೆಟೆಸಿ ಹೀಗೆಂದ: "ಮೇದೋಜೀರಕಕ್ಕೆ ಮುಂಚಿತವಾಗಿ ಸೂಚನೆ ಕೊಡ್ತಾ ಇದೀನಿ ಅಮ್ಮಾ. ಊಟಕ್ಕೆ ಮುಂಚೆ ಮೆನು ಓದಿದ್ರೆ ಒಳಗಿನವ್ರು ತಾವೇ ಕೆಲ್ಸ ಮಾಡ್ತಾರೆ. ಶುಗರ್ ಹತ್ರ ಸುಳಿಯಲ್ಲ. ನೋಡಿ, ನಂಗಿದ್ಯಾ?"

ಮುನಿಲಕ್ಷ್ಮಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ, ಒಳಗೆ ಹೋಗಿ, ತನ್ನ ತಟ್ಟೆ ತಂದು ಗೋಡೆಯ ಮೇಲಿಟ್ಟಳು. "ನಂಗೂ ಓದು."

ಅವಳಿಗೂ ಓದಿದ. ಅಂದು ಅವಳು ಮುದ್ದೆ ಉಂಡು, ಸೊಸೆ ಕಲಾ ಹೊತ್ತಿಗೆ ಸರಿಯಾಗಿ ಇಂಜೆಕ್ಷನ್ ಕೊಟ್ಟು, ಎರಡು ಗಂಟೆಯ ನಂತರ ಬೆರಳು ಚುಚ್ಚಿ ನೋಡಿದರೆ ನೂರ ನಲವತ್ತೆಂಟು. ಯಾವತ್ತೂ ಇನ್ನೂರರ ಕೆಳಗಿಳಿಯದ ಮೀಟರು. ಮುದ್ದೆಗೂ ಇಂಜೆಕ್ಷನ್ನಿಗೂ ಯಾರೂ ಒಂದು ಒಳ್ಳೆ ಮಾತು ಹೇಳಲಿಲ್ಲ. ಕೀರ್ತಿಯೆಲ್ಲ ಸಿದ್ದಬಸಪ್ಪನ ಗಂಟಲಿಗೆ ಹೋಯಿತು.

ಮೂರು ತಿಂಗಳಲ್ಲಿ ಅವನ ಸ್ವಂತ ರಿಪೋರ್ಟೂ ಚೆನ್ನಾಗಿ ಬಂತು. "ಮಾತ್ರೆ, ನಡಿಗೆ ಎರಡೂ ಕೆಲ್ಸ ಮಾಡಿವೆ" ಎಂದು ಹೇಮಶ್ರೀ ಖುಷಿಪಟ್ಟಳು. "ಅವೂ ಮಾಡಿವೆ" ಎಂದು ಸಿದ್ದಬಸಪ್ಪ ದೊಡ್ಡ ಮನಸ್ಸಿನಿಂದ ಒಪ್ಪಿಕೊಂಡ. ಹೊಟ್ಟೆ ಇಳಿದು ಚುರುಕಾಗಿದ್ದ ಅವನನ್ನು ಕಂಡು ಬೀದಿಯವರು ಗುಟ್ಟು ಕೇಳಿದರು. ಮಾತ್ರೆಯ ವಿಷಯ ಹೇಳುವಂತಿರಲಿಲ್ಲ. ಹಾಗಾಗಿ ಮೆನುವಿನ ವಿಷಯವನ್ನು ಎರಡರಷ್ಟು ಹೇಳಿದ.

ಯಾರೋ ವಿಡಿಯೋ ಮಾಡಿ ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಮರುದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಗೇಟಿನ ಮುಂದೆ ಒಂಬತ್ತು ಜನ ಡಬ್ಬಿ ಹಿಡಿದು ನಿಂತಿದ್ದರು. ವಾರದೊಳಗೆ ಮಹಾಲಕ್ಷ್ಮಿ ಬಡಾವಣೆಯವರು ಬಂದರು, ಸುಂಕದಕಟ್ಟೆಯವರು ಬಂದರು. "ಇಡ್ಲಿ ಎರಡು, ಚಟ್ನಿ ನೀರಾಗಿದೆ, ತಪ್ಪು ತಿಳ್ಕೋಬೇಡಿ" ಎಂದು ಸಿದ್ದಬಸಪ್ಪ ಒಬ್ಬೊಬ್ಬರ ಹೊಟ್ಟೆಗೂ ಗೌರವದಿಂದ ಓದಿ ಹೇಳುತ್ತಿದ್ದ. ರಾಜರಾಜೇಶ್ವರಿನಗರದ ಒಬ್ಬಳು ಹೆಂಗಸು ಆಫೀಸಿನಿಂದ ಫೋನು ಮಾಡಿ, ಸ್ಪೀಕರನ್ನು ಹೊಟ್ಟೆಯ ಹತ್ತಿರ ಹಿಡಿದುಕೊಂಡಿದ್ದೇನೆ, ಫ್ರೈಡ್ ರೈಸ್ ಓದಿ ಅಂದಳು. ಅವನಿಗೆ ಆ ಅಡುಗೆ ಬರುತ್ತಿರಲಿಲ್ಲವಾದ್ದರಿಂದ ಚಿತ್ರಾನ್ನ ಎಂದು ಓದಿದ.

ಕಲ್ಯಾಣಮ್ಮನ ತಮ್ಮ ಗೂಳಪ್ಪ ಕೆಂಗೇರಿಯಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟವನು. ಭಾವನ ಕೀರ್ತಿಗೆ ತನ್ನದೂ ಒಂದು ಕೈ ಇರಲಿ ಎಂದು ಹನ್ನೆರಡು ಅಡಿಯ ಬ್ಯಾನರ್ ತಂದು ಗೇಟಿಗೆ ಕಟ್ಟಿದ. ಅದರಲ್ಲಿ ಸಿದ್ದಬಸಪ್ಪ ಸೌಟು ಹಿಡಿದು ನಗುತ್ತಿದ್ದ. ಮೇಲೆ "ಮೇದೋಜೀರಕ ಮಿತ್ರ" ಎಂದು ಅರಿಶಿನ ಬಣ್ಣದ ಅಕ್ಷರ. ಮೂಲೆಯಲ್ಲಿ ಹೊಟ್ಟೆಯ ಚಿತ್ರ ಬೇಕಿತ್ತು. ಸಿಗದೆ ಕುಂಬಳಕಾಯಿ ಹಾಕಿದ್ದ.

"ರೀ, ಆ ಮಾತ್ರೆ ವಿಷ್ಯಾನೂ ಒಂದ್ ಸಲ ಹೇಳ್ಬಿಡಿ" ಎಂದಳು ಕಲ್ಯಾಣಮ್ಮ.

"ನಾನೇನು ಯಾರಿಗಾದ್ರೂ ಮಾತ್ರೆ ಬಿಡಿ ಅಂದಿದೀನಾ?"

"ಬಿಡ್ಬೇಡಿ ಅಂತಾನೂ ಅಂದಿಲ್ಲ."

ಹೆಂಡತಿಯ ಮಾತು ಸರಿಯೆನಿಸಿದಾಗ ಎಲ್ಲ ಗಂಡಂದಿರೂ ಮಾಡುವಂತೆ ಸಿದ್ದಬಸಪ್ಪನೂ ಸಿಟ್ಟು ಮಾಡಿಕೊಂಡು ಹೊರಗೆ ಹೋದ.

ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಅವನ ಮೇಲೆ ದೂರಿನ ಅರ್ಜಿ ಹಾಕಿದ್ದರು. ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರ್ ಮೋಹನ್ ಕುಮಾರ್ ಅವರು ಒಂದು ಮಧ್ಯಾಹ್ನ ಬೈಕಿನಲ್ಲಿ ಬಂದಿಳಿದು ಬ್ಯಾನರನ್ನು ಪೂರ್ತಿ ಓದಿದರು.

"ಏನ್ರೀ ಇದು? ಡಾಕ್ಟರ್ ಕೆಲ್ಸ ಮಾಡ್ತಿದೀರಂತೆ?"

"ಇಲ್ಲ ಸಾರ್. ಮೆನು ಓದ್ತಾ ಇದೀವಿ."

"ಔಷಧಿ ಕೊಡ್ತೀರಾ?"

"ಇಲ್ಲ ಸಾರ್."

"ಊಟ?"

"ಅವ್ರೇ ತರ್ತಾರೆ ಸಾರ್."

"ಮತ್ತೆ ನೀವೇನ್ ಕೊಡ್ತೀರಿ?"

"ಸೂಚನೆ ಸಾರ್."

ಮೋಹನ್ ಕುಮಾರ್ ಬಹಳ ಹೊತ್ತು ಯೋಚಿಸಿದರು. ಸೂಚನೆ ಕೊಡುವುದು ಅಪರಾಧವಾದರೆ ಮೊದಲು ಒಳಗೆ ಹಾಕಬೇಕಾದದ್ದು ಅವರ ಮೇಲಧಿಕಾರಿಯನ್ನು. ಕೊನೆಗೆ ಪುಸ್ತಕ ತೆಗೆದು, "ಸ್ಥಳ ಪರಿಶೀಲಿಸಲಾಗಿ, ಸದರಿ ವ್ಯಕ್ತಿಯು ಸಾರ್ವಜನಿಕರ ತಿಂಡಿಯ ಹೆಸರನ್ನು ಗಟ್ಟಿಯಾಗಿ ಓದುತ್ತಿರುವುದು ಕಂಡುಬಂದಿದ್ದು, ಸದರಿ ತಿಂಡಿಯಿಂದ ಯಾವುದೇ ಆಕ್ಷೇಪಣೆ ಬಂದಿರುವುದಿಲ್ಲ" ಎಂದು ಬರೆದರು. ಆಮೇಲೆ ಆಚೀಚೆ ನೋಡಿ, ಬೈಕಿನ ಚೀಲದಿಂದ ತಮ್ಮ ಊಟದ ಡಬ್ಬಿ ತೆಗೆದು ಮೆಲ್ಲಗೆ ಮುಂದಿಟ್ಟರು. "ಮೊಸರನ್ನ ಇದೆ. ಸ್ವಲ್ಪ ಬೇಗ ಓದ್ಬಿಡಿ."

ವಿಷಯ ಇಲ್ಲಿಗೆ ಬಂದು ನಿಂತಾಗ ಗುರುಸಿದ್ದಯ್ಯನವರ ಮಗಳ ಮದುವೆ ಬಂತು. ಗುರುಸಿದ್ದಯ್ಯನವರು ರಾಜಾಜಿನಗರದ ದೊಡ್ಡ ವ್ಯಾಪಾರಸ್ಥರು. ವಿಜಯನಗರದ ಛತ್ರ, ಆರುನೂರು ಜನ, ಬೇಳೆ ಹೋಳಿಗೆ. ಅಡುಗೆ ಒಪ್ಪಿಸುವಾಗ ಅವರು ಒಂದು ಹೊಸ ಬೇಡಿಕೆ ಇಟ್ಟರು. "ಊಟಕ್ಕೆ ಮುಂಚೆ ಮೈಕಲ್ಲಿ ಒಂದ್ಸಲ ಮೆನು ಓದ್ಬಿಡಿ. ನಮ್ಮ ಕಡೆ ಬೀಗರ ಕಡೆ ಎಲ್ಲರಿಗೂ ಶುಗರ್ರು. ಹೋಳಿಗೇನ ನೆಮ್ಮದಿಯಾಗಿ ತಿನ್ಲಿ." ಸಿದ್ದಬಸಪ್ಪ ಉಬ್ಬಿ ಹೋದ. ಆ ಮದುವೆಗೆ ಇಡೀ ಬೀದಿಗೇ ಕರೆಯೋಲೆ ಬಂತು. ಮೋಹನ್ ಕುಮಾರ್ ಅವರಿಗೂ, ಗೂಳಪ್ಪನಿಗೂ ಬಂತು.

ಭಾನುವಾರ ಹನ್ನೆರಡೂವರೆಗೆ ಮೊದಲನೇ ಪಂಕ್ತಿ ಕೂತಿತು. ಎಲೆಗೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಬಿದ್ದಾಗಿತ್ತು. ಬಾಗಿಲ ಬಳಿ ಹೋಳಿಗೆಯ ಹರಿವಾಣಗಳು ಸಾಲಾಗಿ ನಿಂತಿದ್ದವು. ಸಿದ್ದಬಸಪ್ಪ ಹೊಸ ಪಂಚೆ ಉಟ್ಟು ಮೈಕಿನ ಕಡೆ ಹೊರಟಿದ್ದ. ಆಗ ಮುನಿಲಕ್ಷ್ಮಮ್ಮನ ಸೊಸೆ ಕಲಾ ಆಟೋದಿಂದಿಳಿದು ಅಡುಗೆಮನೆಯ ಬಾಗಿಲಿಗೆ ಓಡಿಬಂದಳು. ಅವಳ ಕೈಯಲ್ಲಿ ಇನ್ಸುಲಿನ್ ಪೆನ್ನಿತ್ತು.

"ಅಣ್ಣಾ, ಇದನ್ನ ನೋಡಿ. ಬುಧವಾರ ಹೊಸದು ತಂದಿದ್ದು. 'ನಾನೇ ಹಾಕ್ಕೋತೀನಿ, ನೀನು ನಿನ್ನ ಕೆಲ್ಸ ನೋಡ್ಕೋ' ಅಂತಿದ್ರು ಅತ್ತೆ. ಈಗ ಫ್ರಿಜ್ ತೆಗ್ದು ನೋಡಿದ್ರೆ ಒಂದು ಯೂನಿಟ್ಟೂ ಇಳಿದಿಲ್ಲ. ಬೆಳಿಗ್ಗೆಯಿಂದ ತಂಬಿಗೆಗಟ್ಲೆ ನೀರು ಕುಡೀತಿದ್ರು, ಸುಸ್ತು ಸುಸ್ತು ಅಂತಿದ್ರು. ಎಲ್ಲಿ ಅವ್ರು?"

ಸಿದ್ದಬಸಪ್ಪ ಹಾಲಿನ ಕಡೆ ತಿರುಗಿ ನೋಡಿದ. ಮುನಿಲಕ್ಷ್ಮಮ್ಮ ಮೊದಲನೇ ಪಂಕ್ತಿಯ ಮೂರನೇ ಸಾಲಿನಲ್ಲಿ, ರೇಷ್ಮೆ ಸೀರೆಯುಟ್ಟು, ಬಾಡಿದ ಮುಖದಲ್ಲಿ ಹೋಳಿಗೆಯ ದಾರಿ ಕಾಯುತ್ತಾ ಕೂತಿದ್ದಳು. ಅವನು ಓಡಿಹೋಗಿ ಪಕ್ಕದಲ್ಲಿ ಕುಕ್ಕರಿಸಿದ.

"ಅಮ್ಮಾ, ಏಳಿ. ಡಾಕ್ಟ್ರ ಹತ್ರ ಹೋಗೋಣ."

"ಎಲೆಗೆ ಉಪ್ಪು ಬಿದ್ದಿದೆ ಕಣೋ. ಪಂಕ್ತಿ ಮಧ್ಯದಲ್ಲಿ ಎಲೆ ಬಿಟ್ಟು ಏಳ್ತಾರೇನೋ? ಅಡುಗೆ ಮಾಡೋನು ನೀನೇ ಹಿಂಗಂದ್ರೆ?"

"ಇಂಜೆಕ್ಷನ್ ಯಾಕಮ್ಮ ಬಿಟ್ರಿ?"

"ಇದೊಳ್ಳೆ ಕಥೆ! ಮೆನು ಓದಿದ್ರೆ ಒಳಗಿನವ್ರು ತಾವೇ ಕೆಲ್ಸ ಮಾಡ್ತಾರೆ ಅಂದೋನು ನೀನು. ನಿಂಗೇನು ಸೂಜಿ ಇದ್ಯಾ? ಮಾತ್ರೆ ಇದ್ಯಾ? ನಿಂಗೆ ಬೇಡದ್ದು ನಂಗ್ಯಾಕೆ?" ಎಂದು ಅವಳು ಒಣಗಿದ ತುಟಿ ಸವರಿಕೊಂಡಳು. "ಹೋಗು, ಹೋಗಿ ಓದು. ನಿನ್ನ ಬಾಯಲ್ಲಿ ಕೇಳಿದ್ರೆ ನಂಗೆ ಧೈರ್ಯ."

ಸಿದ್ದಬಸಪ್ಪ ಎದ್ದು ನಿಂತ. ಎದುರಿಗೆ ಗುರುಸಿದ್ದಯ್ಯನವರು ಬೀಗರ ಜೊತೆ ನಗುತ್ತಾ ನಿಂತಿದ್ದರು. ಮುಂದಿನ ತಿಂಗಳು ಮದುವೆಯಿಟ್ಟುಕೊಂಡ ಮೂರು ಮನೆಯವರು ಅದೇ ಪಂಕ್ತಿಯಲ್ಲಿದ್ದರು. ಇಪ್ಪತ್ತೆಂಟು ವರ್ಷದ ಹೆಸರು ಅಷ್ಟೂ ಆ ಹಾಲಿನಲ್ಲಿ ಎಲೆ ಹಾಕಿಕೊಂಡು ಕೂತಿತ್ತು. ಇನ್ನೊಂದು ಕಡೆ, ಹಿತ್ತಲು ಬಿಟ್ಟುಕೊಟ್ಟ ಮುದುಕಿ ಅವನ ಸುಳ್ಳನ್ನು ನಂಬಿ ಸುಸ್ತಾಗಿ ಕೂತಿದ್ದಳು. ಅವನಿಗೆ ಅಳು ಬಂತು. ಪಂಚೆಯ ತುದಿಯಿಂದ ಮುಖ ಒರೆಸಿಕೊಂಡು ಮೈಕು ಹಿಡಿದ.

"ಮೆನು ಓದೋಕೆ ಮುಂಚೆ ಒಂದು ಮಾತು. ನನಗೆ ಶುಗರ್ ಇದೆ."

ಹಿಂದಿನ ಸಾಲಿನಿಂದ ಯಾರೋ ಕೂಗಿದರು. "ಕೇಳ್ತಾ ಇಲ್ಲ! ಜೋರಾಗಿ ಹೇಳಿ!"

ಮನುಷ್ಯನಿಗೆ ಇಂಥ ಮಾತನ್ನು ಒಂದು ಸಲ ಹೇಳುವುದೇ ಕಷ್ಟ. ಸಿದ್ದಬಸಪ್ಪ ಕಣ್ಣು ಮುಚ್ಚಿ, ಆರುನೂರು ಎಲೆಯ ಗಂಟಲಿನಲ್ಲಿ ಹೇಳಿದ.

"ನನಗೆ ಶುಗರ್ ಇದೆ! ಆರು ತಿಂಗಳಾಯ್ತು! ದಿನಾ ಎರಡು ಮಾತ್ರೆ ತಗೋತೀನಿ! ಇಲ್ಲಿದೆ ನೋಡಿ!" ಎಂದು ಸೊಂಟದ ಚೀಲದಿಂದ ಮಾತ್ರೆಯ ಹಾಳೆ ತೆಗೆದು ಎತ್ತಿ ಹಿಡಿದ. "ನಾನು ಓದೋ ಮೆನು ನನ್ನ ಹೊಟ್ಟೆಗೇ ಕೇಳ್ಸಲ್ಲ. ಅದು ಲೆಕ್ಕಕ್ಕೆ ತಗೊಳ್ಳೋದು ನನ್ನ ಮಾತನ್ನಲ್ಲ, ರಕ್ತಕ್ಕೆ ಬಂದ ಸಕ್ಕರೇನ. ನನಗೆ ಗುಣ ಆಗಿದ್ದು ಮಾತ್ರೆಯಿಂದ, ನಡಿಗೆಯಿಂದ. ಹೆಸರು ಹೋಗುತ್ತೆ ಅಂತ ಸುಳ್ಳು ಹೇಳ್ದೆ. ನನ್ನ ಮಾತು ಕೇಳಿ ಮಾತ್ರೆ, ಇಂಜೆಕ್ಷನ್ ಬಿಟ್ಟಿರೋರು ಇಲ್ಲಿ ಯಾರ್ಯಾರಿದೀರೋ ದಯವಿಟ್ಟು ಎಲೆ ಬಿಟ್ಟು ಏಳಿ. ನಿಮ್ಮ ಕಾಲಿಗೆ ಬೀಳ್ತೀನಿ, ಏಳಿ."

ಬಡಿಸಿದ ಎಲೆಯಿಂದ ಏಳಿ ಎಂದು ಅಡುಗೆಯವನೇ ಹೇಳಿದ್ದು ಆ ಛತ್ರದ ಗೋಡೆಗಳೂ ಕೇಳಿರಲಿಕ್ಕಿಲ್ಲ. ಪಲ್ಯ ಬಡಿಸುತ್ತಿದ್ದವನ ಸೌಟು ಗಾಳಿಯಲ್ಲೇ ನಿಂತಿತು. ಗುರುಸಿದ್ದಯ್ಯನವರ ನಗು ಅರ್ಧದಲ್ಲಿ ಉಳಿಯಿತು.

ಎರಡನೇ ಸಾಲಿನಲ್ಲಿ ಒಂದು ಕುರ್ಚಿ ಕಿರ್ರೆಂದಿತು. ಇನ್ಸ್‌ಪೆಕ್ಟರ್ ಮೋಹನ್ ಕುಮಾರ್ ಅವರು ಎಲ್ಲೋ ನೋಡುತ್ತಾ ಎದ್ದು ನಿಂತರು. "ಒಂದು ವಾರದಿಂದ" ಎಂದು ಪಕ್ಕದವನಿಗೆ ಪಿಸುಗುಟ್ಟಿದರು. ಆಮೇಲೆ ಬೀಗರ ಕಡೆಯ ಅಜ್ಜಿಯೊಬ್ಬಳು ಎದ್ದಳು. ಧಾರೆ ನಡೆಸಿದ ಅಯ್ಯನವರು ಎದ್ದರು. ಬ್ಯಾನರ್ ಕಟ್ಟಿದ ಗೂಳಪ್ಪ ತಲೆ ತಗ್ಗಿಸಿ ಎದ್ದ. "ನಿಂಗೂ ಇದ್ಯೇನೋ ಶುಗರ್ರು?" ಎಂದು ಕಲ್ಯಾಣಮ್ಮ ದೂರದಿಂದಲೇ ಅರಚಿದಳು. ವಿಡಿಯೋದವನು ಕ್ಯಾಮೆರಾ ಕೆಳಗಿಟ್ಟು, ತಾನು ಕೂತೇ ಇರಲಿಲ್ಲವಾದ್ದರಿಂದ ಏಳಲಾಗದೆ, ಕೈ ಎತ್ತಿದ. ನೋಡನೋಡುತ್ತಾ ನಲವತ್ತು ಜನ ಎದ್ದಿದ್ದರು.

ಮುನಿಲಕ್ಷ್ಮಮ್ಮ ಬಲಕ್ಕೆ ನೋಡಿದಳು. ಬಲಗಡೆಯವಳು ಎದ್ದಿದ್ದಳು. ಎಡಕ್ಕೆ ನೋಡಿದಳು. ಎಡಗಡೆಯವನೂ ಎದ್ದಿದ್ದ.

"ಅಕ್ಕಪಕ್ಕ ಯಾರೂ ಇಲ್ದೆ ಒಬ್ಳೇ ಹೆಂಗೆ ಕೂತ್ಕೊಳ್ಳೋದು?" ಎಂದು ಗೊಣಗುತ್ತಾ ಅವಳೂ ಟೇಬಲ್ ಹಿಡಿದು ಎದ್ದಳು. ಎದ್ದವಳು ತೂರಾಡಿದಳು. ಸಿದ್ದಬಸಪ್ಪ ಮೈಕು ಎಸೆದು ಓಡಿಹೋಗಿ ಹಿಡಿದುಕೊಂಡ.

ಕಲಾ ತಂದಿದ್ದ ಆಟೋ ಹೊರಗೇ ನಿಂತಿತ್ತು. ಒಂದು ಕಡೆ ಕಲಾ, ಒಂದು ಕಡೆ ಸಿದ್ದಬಸಪ್ಪ, ಮಧ್ಯೆ ಮುನಿಲಕ್ಷ್ಮಮ್ಮ. ಮದುವೆ ನಡುವೆ ಅಡುಗೆಮನೆ ಬಿಟ್ಟು ಹೊರಟದ್ದು ಅವನ ಜನ್ಮದಲ್ಲಿ ಇದೇ ಮೊದಲು. ಹೊರಡುವಾಗ ಹಿಂದಿರುಗಿಯೂ ನೋಡಲಿಲ್ಲ.

ಭಾನುವಾರವಾದರೂ ಫೋನು ಮಾಡಿದ ಕೂಡಲೇ ಹೇಮಶ್ರೀ ಕ್ಲಿನಿಕ್ಕು ತೆಗೆದು ಕಾಯುತ್ತಿದ್ದಳು. ಬೆರಳು ಚುಚ್ಚಿ ನೋಡಿದರೆ ನಾನೂರ ಹದಿನೆಂಟು. ಅವಳು ಮೂತ್ರ ಪರೀಕ್ಷೆ ಮಾಡಿದಳು, ಇನ್ಸುಲಿನ್ ಕೊಟ್ಟಳು, ಡ್ರಿಪ್ ಹಾಕಿದಳು. ಎಲ್ಲ ಮುಗಿದ ಮೇಲೆ ಸಿದ್ದಬಸಪ್ಪನ ಕಡೆ ತಿರುಗಿದಳು. ಆಮೇಲಿನ ಹತ್ತು ನಿಮಿಷ ಅವಳು ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಅವನು ಮೇಷ್ಟರ ಮುಂದೆ ನಿಂತ ಹುಡುಗನಂತೆ ಎಲ್ಲವನ್ನೂ ಕೇಳಿಸಿಕೊಂಡ. ಕೊನೆಗೆ ಅವಳು, "ಸದ್ಯ, ಹೊತ್ತಿಗೆ ಬಂದ್ರಿ. ಅಪಾಯ ಇಲ್ಲ. ಆ ಹೋಳಿಗೇನೂ ತಿಂದು, ಮನೆಗೆ ಹೋಗಿ ಮಲಗಿದ್ರೆ ಏನಾಗ್ತಿತ್ತೋ" ಎಂದಾಗ ಅವನು ಅಲ್ಲೇ ಸ್ಟೂಲಿನ ಮೇಲೆ ಕುಸಿದು ಬಿಕ್ಕಿ ಬಿಕ್ಕಿ ಅತ್ತ.

"ಅಳ್ಬೇಡ್ವೋ. ನಾನು ಸತ್ತಿಲ್ಲ" ಎಂದಳು ಮುನಿಲಕ್ಷ್ಮಮ್ಮ ಹಾಸಿಗೆಯಿಂದ. ಮುಖಕ್ಕೆ ಸ್ವಲ್ಪ ಕಳೆ ಬಂದಿತ್ತು. "ಈಗ ನಿಜ ಹೇಳು. ನಂಗ್ಯಾಕೆ ಸೂಜಿ, ನಿಂಗ್ಯಾಕೆ ಬರೀ ಮಾತ್ರೆ?"

ಸಿದ್ದಬಸಪ್ಪ ಹೇಮಶ್ರೀಯ ಮುಖ ನೋಡಿದ. ಅವಳು ಹೇಳಿ ಎಂದು ಕೈ ಮಾಡಿದಳು.

"ಅಮ್ಮಾ, ನನ್ನ ಒಳಗಿನ ಅಡುಗೆಯವ್ರು ನಿಧಾನ, ಆದ್ರೆ ಇನ್ನೂ ಕೆಲ್ಸದಲ್ಲಿದಾರೆ. ಮಾತ್ರೆ ಕೊಟ್ರೆ ಸುಧಾರಿಸ್ಕೊಂಡು ಹೋಗ್ತಾರೆ. ನಿಮ್ಮೋರು ವರ್ಷಗಟ್ಲೆ ದುಡಿದು ಸುಸ್ತಾಗಿ ಸುಮಾರು ಜನ ಹೊರಟೇ ಹೋಗಿದಾರೆ. ಕೂಗಿದ್ರೆ ಎಲ್ಲಿಂದ ಬರ್ತಾರೆ? ಅದಕ್ಕೇ ಹೊರಗಿಂದ ತರಿಸಿ ಬಡಿಸ್ಬೇಕು. ಆ ಪೆನ್ನಲ್ಲಿರೋದು ಅದೇ. ಒಳಗಿನವ್ರು ಕಟ್ತಿದ್ದ ಪೊಟ್ಟಣಾನೇ."

"ಅಷ್ಟೇನಾ?"

"ಅಷ್ಟೇ ಅಮ್ಮಾ."

"ಇದನ್ನ ಅವತ್ತು ಗೋಡೆ ಹತ್ರಾನೇ ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಮುಟ್ಠಾಳ" ಎಂದು ಅವಳು ಡ್ರಿಪ್ ಇಲ್ಲದ ಕೈಯಿಂದ ಅವನ ತಲೆಗೆ ಮೊಟಕಿದಳು. ಆಮೇಲೆ ಅದೇ ಕೈಯನ್ನು ಅವನ ತಲೆಯ ಮೇಲೇ ಇಟ್ಟುಕೊಂಡಿದ್ದಳು.

ಸಿದ್ದಬಸಪ್ಪನ ಫೋನು ಬಡಿದುಕೊಂಡಿತು. ಗುರುಸಿದ್ದಯ್ಯನವರು. ಅವನು ಬೈಗುಳಕ್ಕೆ ಸಿದ್ಧನಾಗಿ ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದ. ಹೀಗಾಗಿ ಅವರ ಮಾತು ಕ್ಲಿನಿಕ್ಕಿಗೆಲ್ಲ ಕೇಳಿಸಿತು.

"ಸಿದ್ದಬಸಪ್ಪಾ, ಎಲ್ಲಿದೀರಿ? ಆ ಅಜ್ಜಿ ಹೆಂಗಿದಾರೆ? ಹುಷಾರಾಗಿದಾರಾ? ಸದ್ಯ! ಎದ್ದೋರೆಲ್ಲ ಪಕ್ಕದ ಮೆಡಿಕಲ್ ಶಾಪಿಗೆ ಹೋಗಿ ತಮ್ತಮ್ಮ ಮಾತ್ರೆ ತಗೊಂಡು ಬಂದು ಕೂತ್ರು. ನಾನೂ ತಗೊಂಡೆ. ಹೌದ್ರೀ, ನಾನೂ ಬಿಟ್ಟಿದ್ದೆ, ನಿಂತಿದ್ರಿಂದ ನಿಮಗೆ ಗೊತ್ತಾಗ್ಲಿಲ್ಲ. ಅದಿರ್ಲಿ, ಇಲ್ಲೊಂದು ತೊಂದ್ರೆ. ಎಲ್ರೂ ಪಲ್ಯ, ಕೋಸಂಬರಿ ಅಂತಿದಾರೆ, ಹೋಳಿಗೆ ಯಾರೂ ಮುಟ್ತಾ ಇಲ್ಲ. ಮೂರು ಹರಿವಾಣ ಹಾಗೇ ಉಳ್ಕೊಂಡಿದೆ. ಏನ್ಮಾಡೋದು?"

"ಉಳ್ಕೊಂಡಿದ್ಯಾ?" ಎಂದು ಮುನಿಲಕ್ಷ್ಮಮ್ಮ ದಿಂಬಿನಿಂದ ತಲೆ ಎತ್ತಿದಳು. ಅವಳ ಕಣ್ಣು ಮೆಲ್ಲಗೆ ಸಿದ್ದಬಸಪ್ಪನಿಂದ ಕಲಾಳ ಕಡೆಗೆ, ಕಲಾಳಿಂದ ಡಾಕ್ಟರ ಕಡೆಗೆ ಹೋಯಿತು.

"ಇವತ್ತಂತೂ ಇಲ್ಲ" ಎಂದಳು ಹೇಮಶ್ರೀ.

"ನಾಳೆ?"

"ಇಂಜೆಕ್ಷನ್ ತಗೊಂಡು, ಅನ್ನ ಬಿಟ್ಟು."

"ಆಗ್ಲಿ ತಾಯಿ. ಎಷ್ಟು?"

ಹೇಮಶ್ರೀ ಒಂದು ಬೆರಳು ಎತ್ತಿದಳು. ಮುದುಕಿಯ ಮುಖ ಅರಳಿತು. ಹೇಮಶ್ರೀ ಕ್ಷಣ ಯೋಚಿಸಿ, ಆ ಬೆರಳನ್ನು ಅರ್ಧಕ್ಕೆ ಮಡಚಿದಳು.